ಕೊನೆಯ 195 ಮೀಟರ್ ನನಗೆ ಬೇಡ, ಪುಟ್ಟಿ

ಪುಟ್ಟಿ,

ನೀನು ಹೊರಟ ಮೇಲೆ ಕಳಿಸಿದ ಪಟ್ಟಿ ನೋಡಿದೆ. ಒಂದರಿಂದ ನಲವತ್ತೆರಡರವರೆಗೆ ಸಾಲಾಗಿ ಹೆಸರುಗಳು. ನಿನ್ನ ಮ್ಯಾರಥಾನಿನ ಯಾವ ಕಿಲೋಮೀಟರನ್ನು ಯಾರನ್ನು ನೆನೆದು ಓಡೋದು ಅಂತ ಎಷ್ಟು ಯೋಚನೆ ಮಾಡಿ ಬರೆದಿದ್ದೀಯ! ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ಇನ್ನೊಂದು ಸಲ ಓದಿದಾಗ ಎದೆ ಡವಗುಟ್ಟಿತು. ಫೋನ್ ಮಾಡೋಣ ಅಂತ ಕೈಗೆತ್ತಿಕೊಂಡೆ, ಮತ್ತೆ ಇಟ್ಟೆ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸೋಕೆ ಬಿಡಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓಟದ ಹಿಂದಿನ ರಾತ್ರಿ ಮಾತ್ರ ಇದನ್ನು ಓದಬೇಡ. ಆ ರಾತ್ರಿ ಮೊದಲೇ ನಿದ್ದೆ ಹತ್ತೋದು ಕಷ್ಟವಂತೆ.

ನಾನು ಬರೋಕೆ ಆಗ್ತಿಲ್ಲ. ಇದಕ್ಕೆ ಕ್ಷಮಿಸು. ನಿಮ್ಮಪ್ಪನ ಮಂಡಿ ಆಪರೇಷನ್ ಅದೇ ವಾರಕ್ಕೆ ಬಂದು ಕೂತಿತು. ಮುಂದಕ್ಕೆ ಹಾಕಿಸೋಣ ಅಂತ ಅವರೇ ಹೇಳಿದರು, ನೀನೇ ಬೇಡ ಅಂದೆ. ಸರಿಯಾಗೇ ಹೇಳಿದೆ. ಆದರೂ ನೀನು ಆ ಗೆರೆ ದಾಟುವಾಗ ಆಚೆ ಬದಿ ನಾನು ಇರಲ್ಲ ಅನ್ನೋದು ಒಳಗೇ ಕೊರೀತಾ ಇದೆ.

ನೀನು ಓಡೋಕೆ ಯಾಕೆ ಶುರು ಮಾಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಆ ದಿನಗಳ ಬಗ್ಗೆ ನಾವು ಮಾತಾಡಬೇಕಾದ್ದನ್ನೆಲ್ಲ ಮಾತಾಡಿ ಆಗಿದೆ. ನಾನು ಹೇಳೋದು ಇಷ್ಟೇ. ಒಂದು ಕಿಲೋಮೀಟರ್ ಓಡಿ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ ಹುಡುಗಿ ಇವತ್ತು ಬ್ಯಾಗಿನಲ್ಲಿ ಬಿಬ್, ಅದೇ ಎದೆಗೆ ಕಟ್ಟೋ ನಂಬರ್ ಚೀಟಿ, ಇಟ್ಟುಕೊಂಡು ಮ್ಯಾರಥಾನ್ ಓಡೋಕೆ ಹೊರಟಿದ್ದಾಳೆ. ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದೇನೆ. ಕೇಳದವರಿಗೂ ಹೇಳುತ್ತೇನೆ.

ಪಟ್ಟಿಯ ವಿಷಯಕ್ಕೆ ಬರ್ತೀನಿ. ಮೈಲಿ ಲೆಕ್ಕ ಹಿಡಿದರೆ 26 ಜನಕ್ಕೇ ಮುಗಿದುಹೋಗುತ್ತೆ, ಕಿಲೋಮೀಟರ್ ಆದರೆ 42 ಜನರನ್ನು ಸೇರಿಸಬಹುದು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನಿಮ್ಮಪ್ಪ ಬಹಳ ಹೊತ್ತು ನಕ್ಕರು. ಐದನೆಯದು ನಿನ್ನ ತಮ್ಮನಿಗೆ. ಬೆಳಗಿನ ಕತ್ತಲಲ್ಲಿ ಸೈಕಲ್ ಹತ್ತಿ ನಿನ್ನ ಹಿಂದೆ ಬರುತ್ತಿದ್ದವನು ಅವನೇ ಅಲ್ವಾ. ಹದಿನೆಂಟು ನಿನ್ನ ಗೆಳತಿಗೆ. ಅವಳು ನಿನಗಿಂತ ಜೋರಾಗಿ ಓಡಬಲ್ಲವಳು, ಆದರೂ ಪ್ರತಿ ಭಾನುವಾರ ನಿನ್ನ ವೇಗಕ್ಕೇ ಓಡಿದಳು. ಇಪ್ಪತ್ತೊಂದು, ಅಂದರೆ ಅರ್ಧ ದಾರಿ, ಅಪ್ಪನಿಗೆ. ಮೂವತ್ತೆರಡು ಅಜ್ಜಿಗೆ. 42 ಮುಗಿದ ಮೇಲೆ ಉಳಿಯೋ ಕೊನೆಯ 195 ಮೀಟರ್ ನನಗೆ.

ನನ್ನ ತಕರಾರು ಈ ಕೊನೆಯ ಎರಡರ ಬಗ್ಗೆ.

ಆ ಭಾನುವಾರ ನೆನಪಿದೆಯಾ? ಮೂವತ್ತೆರಡು ಕಿಲೋಮೀಟರ್ ಅಭ್ಯಾಸ ಮಾಡಿ ಬಂದೆಯಲ್ಲ, ಆವತ್ತು. ಬಾಗಿಲಲ್ಲೇ ಕೂತುಬಿಟ್ಟೆ. ತುಟಿ ಬೆಳ್ಳಗಾಗಿತ್ತು. ಕೆನ್ನೆ ಮೇಲೆ ಬೆವರು ಒಣಗಿ ಉಪ್ಪು ಕಟ್ಟಿತ್ತು. ಶೂ ಲೇಸ್ ಬಿಚ್ಚೋಕೆ ಹೋದೆ, ಬೆರಳು ಗಂಟನ್ನು ಹಿಡಿಯಲೇ ಇಲ್ಲ. ನಾನು ಕೂತು ಬಿಚ್ಚಿದೆ. ಆಗ ನೀನು ಒಂದು ಮಾತು ಹೇಳಿದೆ. "ಇಪ್ಪತ್ತೆಂಟಕ್ಕೇ ತಲೆ ತಿರುಗ್ತಿತ್ತಮ್ಮ. ಆದ್ರೆ ಅಜ್ಜಿ ಕಿಲೋಮೀಟರ್ ಮುಟ್ಟದೆ ಹೆಂಗೆ ನಿಲ್ಲೋದು?"

ಅಷ್ಟು ಹೇಳಿ ನೀನು ಸ್ನಾನಕ್ಕೆ ಹೋದೆ, ಮಲಗಿದೆ, ಸಂಜೆ ಎದ್ದಾಗ ಮೊದಲಿನಂತೇ ಇದ್ದೆ. ನಿನಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಮುಗಿದಿಲ್ಲ. ತಲೆ ತಿರುಗಿದ ಮೇಲೂ ನಾಲ್ಕು ಕಿಲೋಮೀಟರ್. ಒಬ್ಬಳೇ. ಆ ದಿನ ತಮ್ಮನೂ ಜೊತೆಗಿರಲಿಲ್ಲ. ಆ ನಾಲ್ಕು ಕಿಲೋಮೀಟರ್ ಹೇಗಿತ್ತು ಅಂತ ನಾನು ಇವತ್ತಿಗೂ ಕೇಳಿಲ್ಲ. ರಸ್ತೆ ದಾಟಿದೆಯಾ? ಯಾರಾದರೂ ನೋಡಿದರಾ? ಬಿದ್ದಿದ್ದರೆ? ರಾತ್ರಿ ಎಚ್ಚರವಾದಾಗ ಇದೇ ಬರುತ್ತೆ. ಲೇಸಿನ ಗಂಟು ಬರುತ್ತೆ, ನಿನ್ನ ಬೆರಳು ಬರುತ್ತೆ, ಆಮೇಲೆ ಆ ಮಾತು. ಅಜ್ಜಿ ಕಿಲೋಮೀಟರ್ ಮುಟ್ಟದೆ ಹೆಂಗೆ ನಿಲ್ಲೋದು.

ಅಜ್ಜಿ ಏನು ಹೇಳ್ತಿದ್ದರು ಅಂತ ನಿನಗೆ ಗೊತ್ತಿಲ್ವಾ? ನೀನು ಸ್ವಲ್ಪ ಎಡವಿದರೂ ಅಂಗಾಲು ನೋಡುತ್ತಿದ್ದವರು ಅವರು. ಸಾಕು ಕೂತ್ಕೋ ಅಂತಿದ್ದರು. ಅವರ ಹೆಸರಿಟ್ಟುಕೊಂಡು ನೀನು ನಿನ್ನ ಮೈಯನ್ನು ಹಾಗೆ ನಡೆಸಿಕೊಂಡೆಯಲ್ಲ ಅನ್ನೋದೇ ನನ್ನ ಸಂಕಟ.

ಆ 195 ಮೀಟರ್ ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ. ನನಗೆ ಕೊಟ್ಟಿದ್ದೀಯಲ್ಲ, ತಿಳ್ಕೊಳ್ಳೋಣ ಅಂತ. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಒಲಿಂಪಿಕ್ ಮ್ಯಾರಥಾನ್ ಓಡಿದಾಗ ದೂರ ಸುಮಾರು 40 ಕಿಲೋಮೀಟರ್ ಇತ್ತಂತೆ. 1908ರಲ್ಲಿ ಲಂಡನ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಅಂಗಳದಿಂದ ಶುರು ಮಾಡಿ, ಸ್ಟೇಡಿಯಂನಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಎದುರು ಮುಗಿಸಿದರು. ಆ ದೂರ 42.195 ಕಿಲೋಮೀಟರ್. 1921ರಲ್ಲಿ ಅದನ್ನೇ ಎಲ್ಲ ಕಡೆಗೂ ನಿಗದಿ ಮಾಡಿದರು. ಇಲ್ಲಿಗೇ ಪುಸ್ತಕ ಮುಚ್ಚಿದ್ದರೆ ನಾನು ಖುಷಿಯಾಗಿರುತ್ತಿದ್ದೆ.

ಅದೇ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಅನ್ನೋ ಹುಡುಗ ಎಲ್ಲರಿಗಿಂತ ಮೊದಲು ಸ್ಟೇಡಿಯಂ ಒಳಗೆ ಬಂದ. ಬಂದವನಿಗೆ ಯಾವ ಕಡೆ ಹೋಗಬೇಕು ಅನ್ನೋದೇ ತಿಳಿಯಲಿಲ್ಲ. ತಪ್ಪು ದಿಕ್ಕಿಗೆ ತಿರುಗಿದ. ಅಧಿಕಾರಿಗಳು ಸರಿದಾರಿಗೆ ತಿರುಗಿಸಿದರು. ಬಿದ್ದ. ಎಬ್ಬಿಸಿದರು. ಮತ್ತೆ ಬಿದ್ದ. ಬರೀ ಮುನ್ನೂರೈವತ್ತು ಮೀಟರಿಗೆ ಹತ್ತು ನಿಮಿಷ ಬೇಕಾಯಿತು. ಕೊನೆಗೆ ಕೈಹಿಡಿದು ಗೆರೆ ದಾಟಿಸಿದರು. ಬೇರೆಯವರ ಸಹಾಯ ಪಡೆದ ಅಂತ ಅಮೆರಿಕದವರು ದೂರು ಕೊಟ್ಟರು, ಅವನ ಗೆಲುವನ್ನು ರದ್ದು ಮಾಡಿದರು. ಚಿನ್ನದ ಪದಕ ಹಿಂದಿನಿಂದ ಬಂದ ಜಾನಿ ಹೇಯ್ಸ್‌ಗೆ ಹೋಯಿತು. ಮಾರನೇ ದಿನ ರಾಣಿ ಅಲೆಕ್ಸಾಂಡ್ರಾ ಅವನನ್ನು ಕರೆದು ಒಂದು ಬೆಳ್ಳಿ ಕಪ್ ಕೊಟ್ಟಳು.

ಅವನ ಫೋಟೋ ನೋಡಿದೆ ಪುಟ್ಟಿ. ಕಾಲು ಎಲ್ಲೋ, ತಲೆ ಎಲ್ಲೋ. ಪಕ್ಕದಲ್ಲಿ ಒಬ್ಬ ದೊಡ್ಡ ಮನುಷ್ಯ ಅವನ ತೋಳು ಹಿಡಿದಿದ್ದಾನೆ. ಎಲ್ಲರೂ ಅವನ ಛಲವನ್ನು ಹೊಗಳುತ್ತಾರೆ. ನನಗೆ ಮಾತ್ರ ಅವನ ತಾಯಿಯ ಯೋಚನೆ. ಆ ಫೋಟೋ ಅವಳ ಕೈಗೆ ಸಿಕ್ಕಿತ್ತೋ ಇಲ್ಲವೋ. ಸಿಕ್ಕಿದ್ದರೆ ಅವಳು ಪದಕದ ಬಗ್ಗೆ ಒಂದು ಮಾತನ್ನೂ ಆಡಿರಲ್ಲ.

ನೀನು ನನಗೆ ಕೊಟ್ಟಿರೋದು ಅದೇ ತುಂಡು ದಾರಿ. ಕೊನೆಯ ತುಂಡು. ಪ್ರೀತಿಯಿಂದಲೇ ಕೊಟ್ಟೆ, ಅದು ಗೊತ್ತು. ಆದರೆ ಯೋಚನೆ ಮಾಡು. ನನ್ನನ್ನು ಅಲ್ಲಿ ನಿಲ್ಲಿಸಿದರೆ, ನನ್ನ ಹತ್ತಿರ ಬರೋಕೆ ನೀನು 42 ಕಿಲೋಮೀಟರ್ ಓಡಲೇಬೇಕು. ಮೂವತ್ತೈದರಲ್ಲಿ ಮೈ ಬೇಡ ಅಂದರೂ, ಅಮ್ಮ ಕೊನೇಲಿದ್ದಾಳೆ ಅಂತ ನೀನು ಕಾಲೆಳೆದುಕೊಂಡು ಬರ್ತೀಯ. ನಿನ್ನ ಹಟ ನನಗೆ ಹೊಸದಲ್ಲ. ನನ್ನ ಹೆಸರು ನಿನ್ನನ್ನು ಹಾಗೆ ಎಳೆಯೋದು ನನಗೆ ಬೇಡ.

ಹೆಸರುಗಳು ಬೇಡ ಅಂತ ನಾನು ಹೇಳ್ತಿಲ್ಲ. ದಯವಿಟ್ಟು ಹಾಗೆ ತಿಳ್ಕೋಬೇಡ. 1966ರಲ್ಲಿ ಬಾಬಿ ಗಿಬ್ ಅನ್ನೋ ಹುಡುಗಿ ಬಾಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದ್ದಳು. ಹೆಂಗಸರಿಗೆ ಅಷ್ಟು ದೂರ ಓಡೋ ಶಕ್ತಿ ಇಲ್ಲ ಅಂತ ಉತ್ತರ ಬಂತು. ಅವಳು ತನ್ನ ಸಹೋದರನ ಚಡ್ಡಿ ಹಾಕಿಕೊಂಡು, ಬಿಬ್ ಇಲ್ಲದೆ, ಪೊದೆಯ ಮರೆಯಲ್ಲಿ ಕಾದು ಕೂತು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿ ಓಡಿ ಮುಗಿಸಿದಳು. ಅವಳನ್ನು ಓಟ ಶುರುವಾಗೋ ಜಾಗದ ಹತ್ತಿರ ಕಾರಿನಲ್ಲಿ ಬಿಟ್ಟು ಬಂದದ್ದು ಅವಳ ಅಮ್ಮ! ಇದನ್ನು ಓದಿದ ಮೇಲೆ ಆ ಅಮ್ಮ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಮಗಳನ್ನು ಇಳಿಸಿ ಅವಳು ವಾಪಸ್ ಹೊರಟಳು. ಉಳಿದ 42 ಕಿಲೋಮೀಟರ್ ಮಗಳದ್ದು. ಮುಂದಿನ ವರ್ಷ ಕ್ಯಾಥರಿನ್ ಸ್ವಿಟ್ಜರ್ 261 ನಂಬರಿನ ಬಿಬ್ ಕಟ್ಟಿಕೊಂಡು ಓಡಿದಾಗ ಒಬ್ಬ ಅಧಿಕಾರಿ ಅದನ್ನು ಕಿತ್ತುಕೊಳ್ಳೋಕೆ ಮೈಮೇಲೆ ಬಿದ್ದ. ಬಾಸ್ಟನ್‌ನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ 1984ರಲ್ಲಿ. ನಿನ್ನ ಬಿಬ್ಬನ್ನು ಯಾರೂ ಕೀಳಲ್ಲ. ಅದನ್ನು ನೆನೆದರೆ ನನಗೆ ಸಮಾಧಾನ.

ಅದಕ್ಕೇ ನನ್ನ ಜಾಗ ಬದಲಾಯಿಸು. ನನಗೆ ಎರಡನೇ ಕಿಲೋಮೀಟರ್ ಕೊಡು.

ಯಾಕೆ ಅಂದರೆ ಅಲ್ಲೇ ನೀನು ತಪ್ಪು ಮಾಡೋದು. ಗುಂಪಿನ ಗದ್ದಲ, ಕೂಗು, ಚಪ್ಪಾಳೆ. ಮೈ ಹಗುರಾಗಿರುತ್ತೆ. ವಾರಗಟ್ಟಲೆ ಓಟ ಕಡಿಮೆ ಮಾಡಿ ಕಾಲು ಹೊಸದಾಗಿರುತ್ತೆ. ಎಲ್ಲರೂ ಮುನ್ನುಗ್ಗುತ್ತಾರೆ, ನೀನೂ ನುಗ್ಗುತ್ತೀಯ. ಅಲ್ಲಿ ಜೋರಾಗಿ ಖರ್ಚು ಮಾಡಿದ್ದಕ್ಕೆ ಮೂವತ್ತರ ಮೇಲೆ ಲೆಕ್ಕ ಕೊಡಬೇಕಾಗುತ್ತೆ. ಮಾಂಸಖಂಡದಲ್ಲಿ, ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಡೋಕೆ ಬೇಕಾದ ಸಕ್ಕರೆಯ ದಾಸ್ತಾನು, ಎಷ್ಟೋ ಜನರಿಗೆ ಆ ಸುಮಾರಿಗೆ ಖಾಲಿಯಾಗುತ್ತಂತೆ. ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಮೈ ನಿಂತುಬಿಡುತ್ತೆ, ನೀವು ಓಡೋರು ಅದನ್ನೇ 'ವಾಲ್' ಅಂತೀರಲ್ಲ. ಶುರುವಿನಲ್ಲಿ ಎಷ್ಟು ಜೋರಾಗಿ ಹೋಗ್ತೀಯೋ ಅಷ್ಟು ಬೇಗ ಅದು ಎದುರಾಗುತ್ತೆ. ಎರಡನೇ ಕಿಲೋಮೀಟರಿನಲ್ಲಿ ನನ್ನನ್ನು ನೆನೆದರೆ ನಿನ್ನ ಕಿವಿಯಲ್ಲಿ ಒಂದೇ ಮಾತು ಕೇಳುತ್ತೆ: ನಿಧಾನ. ಹುಟ್ಟಿದಾಗಿನಿಂದ ನಿನಗೆ ನಾನು ಹೇಳಿಕೊಂಡು ಬಂದದ್ದು ಅದನ್ನೇ. ಅಲ್ಲಾದರೂ ಕೇಳು.

ಹೇಳಲ್ಲ ಅಂದುಕೊಂಡಿದ್ದೆ, ಆದರೂ ಬರೀತೀನಿ. ಆವತ್ತು ಹೊಸ ಶೂ, ಹೊಸ ಸಾಕ್ಸ್ ಬೇಡ. ಅಭ್ಯಾಸದಲ್ಲಿ ತಿನ್ನದ ಯಾವುದನ್ನೂ ಆವತ್ತು ಬಾಯಿಗೆ ಹಾಕಬೇಡ. ಶಕ್ತಿಗೆ ಅಂತ ಓಡುವಾಗ ತಿನ್ನೋ ಆ ಸಿಹಿ ಜೆಲ್ಲನ್ನು ಸುಸ್ತಾದ ಮೇಲೆ ತಗೊಳ್ಳೋದಲ್ಲ, ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ತಗೋ. ನೀರು ಕುಡಿ, ಆದರೆ ಹೆದರಿಕೊಂಡು ದಾರಿಯಲ್ಲಿ ನೀರಿಟ್ಟಿರೋ ಪ್ರತಿ ಟೇಬಲ್ಲಿನಲ್ಲೂ ಗಟಗಟ ಕುಡಿಯಬೇಡ. ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು. ನೋವಿನ ಮಾತ್ರೆ ನುಂಗಿ ಓಡಬೇಡ. ಐಬುಪ್ರೊಫೆನ್‌ನಂಥ ಮಾತ್ರೆ, ಅಷ್ಟು ಹೊತ್ತಿನ ಓಟ ಎರಡೂ ಸೇರಿದರೆ ಕಿಡ್ನಿಗೆ ಒಳ್ಳೆಯದಲ್ಲ. ಎದೆ ನೋವು, ತಲೆ ಸುತ್ತು, ಕಣ್ಣು ಮಂಜಾಗೋದು, ದಾರಿ ಗೊತ್ತಾಗದೆ ಇರೋದು, ಇದರಲ್ಲಿ ಯಾವುದು ಬಂದರೂ ಮೆಡಿಕಲ್ ಟೆಂಟಿಗೆ ಹೋಗು. ಇನ್ನೊಂದು ಕಿಲೋಮೀಟರ್ ನೋಡೋಣ ಅನ್ನಬೇಡ. ಆ ಭಾನುವಾರ ನೀನು ಮಾಡಿದ್ದು ಅದನ್ನೇ.

ನೋಡು, ಮತ್ತೆ ಅಲ್ಲಿಗೇ ಬಂದೆ.

ಅಜ್ಜಿಯ ಕಿಲೋಮೀಟರ್ ಬದಲಾಯಿಸು ಅಂತ ನಾನು ಹೇಳಲ್ಲ. ಅದು ನಿಮ್ಮಿಬ್ಬರದು. ಮೂವತ್ತೆರಡರಲ್ಲೇ ಇರಲಿ. ಅಲ್ಲಿ ಅಳು ಬಂದರೆ ಅಳು. ಬೇಕಿದ್ದರೆ ಆ ಪೂರ್ತಿ ಕಿಲೋಮೀಟರ್ ನಡೆದುಕೊಂಡು ಹೋಗು. ಓಟದ ನಡುವೆ ನಡೆದರೆ ಅದು ಮ್ಯಾರಥಾನ್ ಅಲ್ಲ ಅಂತ ಎಲ್ಲೂ ಬರೆದಿಲ್ಲ. ಹಿಂದೆ ಅಜ್ಜಿ ಜೊತೆ ನೀನು ನಡೆಯುತ್ತಿದ್ದದ್ದೂ ಅವರ ವೇಗಕ್ಕೇ ಅಲ್ವಾ. ನಾನು ಕೇಳೋದು ಒಂದೇ. ಇಪ್ಪತ್ತೆಂಟರಲ್ಲಿ ಮೈ ಬಿಟ್ಟರೆ ಇಪ್ಪತ್ತೆಂಟರಲ್ಲೇ ನಿಲ್ಲು. ಪಟ್ಟಿಯಲ್ಲಿ ಮುಂದಿರುವ ಯಾರಿಗೂ ನೀನು ಸಾಲಗಾರ್ತಿ ಅಲ್ಲ. ಅವರೆಲ್ಲ ಕೊಟ್ಟಿದ್ದು ನೀನು ಓಡಲಿ ಅಂತ ಅಷ್ಟೇ. ತಮ್ಮ ಸೈಕಲ್ ತುಳಿದದ್ದಕ್ಕೆ ಬಡ್ಡಿ ಕೇಳಲ್ಲ.

2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದನ್ನು ನಿನ್ನ ತಮ್ಮ ನಿನ್ನೆ ವಿಡಿಯೋ ಹಾಕಿ ತೋರಿಸಿದ. ಪೇಸರ್‌ಗಳು, ಅಂದರೆ ವೇಗ ಕಾಯ್ದುಕೊಳ್ಳೋಕೆ ಜೊತೆಗೆ ಓಡೋರು, ಸರದಿ ಮೇಲೆ ಬಂದು ಅವನ ಸುತ್ತ ಓಡ್ತಾ ಇದ್ದರು. ಅದಕ್ಕೇ ಅದು ವಿಶ್ವದಾಖಲೆ ಅಂತ ಲೆಕ್ಕಕ್ಕೆ ಬರಲಿಲ್ಲವಂತೆ. ಬರದಿದ್ದರೆ ಬಿಡಲಿ. ನನಗೆ ಇಷ್ಟವಾದದ್ದು ಕೊನೆಯ ಭಾಗ. ಜೊತೆಗಿದ್ದವರೆಲ್ಲ ಹಿಂದೆ ಸರಿದು ಅವನನ್ನು ಮುಂದೆ ಬಿಟ್ಟರು. ಅವನಿಗಿಂತ ಅವರೇ ಜಾಸ್ತಿ ಕುಣಿಯುತ್ತಿದ್ದರು. ನಿನ್ನ ಪಟ್ಟಿಯವರೆಲ್ಲ ಹಾಗಿರಲಿ. ಮೂವತ್ತೊಂಬತ್ತು ನಲವತ್ತಕ್ಕೆ ಬಂದಾಗ ಹೆಸರು ಮರೆತುಹೋದರೆ ಮರೆತುಹೋಗಲಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನಾನಂತೂ ಇಲ್ಲ.

195 ಮೀಟರನ್ನು ಯಾರಿಗೆ ಕೊಡಬೇಕು ಅಂತ ನನ್ನನ್ನು ಕೇಳಬೇಡ. ಖಾಲಿ ಬಿಟ್ಟರೂ ಆಗುತ್ತೆ.

ಇನ್ನೊಂದು ಕೆಲಸ. ಬಿಬ್ಬಿನ ಹಿಂಬದಿಯಲ್ಲಿ ನಿನ್ನ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆಯೋಕೆ ಜಾಗ ಇರುತ್ತೆ. ಸುಮ್ನೆ ಅಂತ ಬಿಡಬೇಡ, ಬಾಲ್‌ಪೆನ್ನಲ್ಲಿ ಒತ್ತಿ ಬರೆ, ಬೆವರಿಗೆ ಅಳಿಸಬಾರದು. ಅಲ್ಲೇ ಬರ್ತಿರೋದು ತಮ್ಮ ಆದ್ದರಿಂದ ಅವನ ನಂಬರ್ ಮೊದಲು. ಕೆಳಗೆ ನನ್ನದು. ಅವತ್ತು ಆಸ್ಪತ್ರೆಯಲ್ಲಿ ಫೋನ್ ಸೈಲೆಂಟ್ ಮಾಡು ಅಂದರೂ ನಾನು ಕೈಯಲ್ಲೇ ಹಿಡಿದಿರುತ್ತೇನೆ. ಓಟ ಮುಗಿದರೂ ಫೋನ್ ಮಾಡು, ನಡುವೆ ನಿಲ್ಲಿಸಿದರೂ ಫೋನ್ ಮಾಡು. ಎಷ್ಟನೇ ಕಿಲೋಮೀಟರ್ ಅಂತ ನಾನು ಮೊದಲು ಕೇಳಲ್ಲ. ನಿಮ್ಮಪ್ಪ ಕೇಳ್ತಾರೆ, ಅವರಿಗೆ ಹೇಳು.

ನಿನ್ನ,
ಅಮ್ಮ