ತೆಂಗಿನಕಾಯಿ ಪಾಯಿಂಟ್ ವಿಚಾರ

ಎಲ್ಲರಿಗೂ ನಮಸ್ಕಾರ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಬೋರ್‌ವೆಲ್ ಪಾಯಿಂಟ್ ತೋರಿಸುವ ವಿಡಿಯೋ ಬೆಳಿಗ್ಗೆಯಿಂದ ನಮ್ಮ ಗ್ರೂಪಿಗೆ ನಾಲ್ಕು ಸಲ ಬಂದಿದೆ. ನೆಲದಡಿ ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದಂತೆ. ದಯವಿಟ್ಟು ಮತ್ತೆ ಹಾಕಬೇಡಿ.

ಕಾಯಿ ಎದ್ದು ನಿಲ್ಲುವುದು ನಿಜ. ಆದರೆ ನೀರಿನಿಂದಲ್ಲ, ನಮಗೇ ಗೊತ್ತಾಗದಂತೆ ಕೈ ಅಲುಗುತ್ತದೆ, ಅಷ್ಟೇ. ಕಾಯಿ ಹಿಡಿದ ಅದೇ ಮನುಷ್ಯನ ಕಣ್ಣಿಗೆ ಬಟ್ಟೆ ಕಟ್ಟಿ ಹೊಲ ಸುತ್ತಿಸಿ. ಮೊದಲಿನ ಜಾಗದಲ್ಲೇ ಕಾಯಿ ಮತ್ತೆ ಎದ್ದರೆ ಅವನ ಫೀಸು ನಾನೇ ಕೊಡುತ್ತೇನೆ! ನಮ್ಮ ಕೋಲಾರದ್ದು ಗಟ್ಟಿ ಕಲ್ಲಿನ ನೆಲ ಅಲ್ವಾ, ನೀರಿರುವುದು ಬಂಡೆಯ ಬಿರುಕಿನಲ್ಲಿ. ಬಿರುಕು ತಪ್ಪಿದರೆ ಬರೀ ದೂಳು. ಕಾಯಿ ನಂಬಿ ನಾವೂ 1,200 ಅಡಿ ಕೊರೆಸಿದೆವು. ಸಾಲ ಇನ್ನೂ ತೀರಿಲ್ಲ. (ಆ ಕಾಯಿಯಲ್ಲಿ ಚಟ್ನಿಯಾದರೂ ಆಯಿತು.)

ಬೋರ್ ಕೊರೆಸುವವರು ಮೊದಲು ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕೇಳಿ. ಅದೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ, ಅವರೇ ಹಾಗೆ ಹೇಳುತ್ತಾರೆ.