ಅಪ್‌ಗ್ರೇಡ್‌ಗೆ ಮುನ್ನ ಕ್ವೆರಿಗಳನ್ನು ನೋಡಿಕೋ

ತೀರ್ಥಹಳ್ಳಿ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಕಚೇರಿಯ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ 5.7 ಅನ್ನು ಹೊಸ ಆವೃತ್ತಿಗೆ ಏರಿಸುವ ಹೊಣೆ ನಿನಗೆ ಬಂದಿದೆಯೆಂದು ನಿನ್ನಮ್ಮ ಹೇಳಿದಳು. 5.7ಕ್ಕೆ ಬೆಂಬಲ 2023ರ ಅಕ್ಟೋಬರ್‌ನಲ್ಲೇ ನಿಂತಿರುವುದರಿಂದ ಏರಿಸುವುದು ಅಗತ್ಯವೇ; ಆದರೆ 8.4ಕ್ಕೆ ಹೋಗುವುದಿದ್ದರೂ ನೇರವಾಗಿ ಹಾರುವಂತಿಲ್ಲ, ನಡುವೆ 8.0ಕ್ಕೆ ಏರಿಯೇ ಮುಂದಕ್ಕೆ ಹೋಗಬೇಕು.

ಎರರ್ ಕೊಡುವ ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ, ನೀನು ಹೆದರಬೇಕಾಗಿಲ್ಲ. ರ‍್ಯಾಂಕ್, ಗ್ರೂಪ್ಸ್ ಎಂಬ ಪದಗಳು 8.0 ತನ್ನ ಆದೇಶಗಳಿಗಾಗಿಯೇ ಕಾಯ್ದಿರಿಸಿಕೊಂಡ ಪದಗಳಾಗಿವೆ. ಆ ಹೆಸರಿನ ಕಾಲಂ ಇದ್ದರೆ ಕ್ವೆರಿ ಅಲ್ಲೇ ನಿಲ್ಲುತ್ತದೆ, ಹೆಸರಿನ ಎರಡೂ ಬದಿಗೆ ಬ್ಯಾಕ್‌ಟಿಕ್ (`) ಗುರುತು ಹಾಕಿದರೆ ಸರಿಹೋಗುತ್ತದೆ. ಸದ್ದಿಲ್ಲದೆ ಓಡಿ ಬೇರೆ ಉತ್ತರ ಕೊಡುವ ಕ್ವೆರಿಯೇ ನಿಜವಾದ ಅಪಾಯ.

ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಅಡಿಕೆ ಮಂಡಿಯಲ್ಲಿ ದಿನದ ಧಾರಣೆಯ ಹಾಳೆಯ ಮೇಲೆ ಗೊರಬಲು, ಬೆಟ್ಟೆ, ರಾಶಿ, ಸರಕು ಎಂಬ ಅಡಿಕೆ ಬಗೆಗಳ ಹೆಸರುಗಳು ಮೊದಲೇ ಅಚ್ಚಾಗಿರುತ್ತಿದ್ದವು. ಕ್ವೆರಿಯಿಂದ ಬಂದ ಅಂಕಿಗಳು ಬಂದ ಸಾಲಿನಲ್ಲೇ ಅವುಗಳ ಮುಂದೆ ಬೀಳುತ್ತಿದ್ದವು. ಕ್ವೆರಿಯಲ್ಲಿ ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಇತ್ತು, ಕ್ರಮದಲ್ಲಿ ಜೋಡಿಸುವ ಆರ್ಡರ್ ಬೈ ಇರಲಿಲ್ಲ. 5.7ರಲ್ಲಿ ಗ್ರೂಪ್ ಬೈ ತಾನಾಗಿಯೇ ಅಕಾರಾದಿಯಾಗಿ ಜೋಡಿಸಿಕೊಡುತ್ತಿತ್ತು, 8.0 ಆ ರೂಢಿಯನ್ನು ಕೈಬಿಟ್ಟಿತು. ಏರಿಸಿದ ಮರುದಿನ ಸರಕಿನ ಎದುರಿಗೆ ಗೊರಬಲಿನ ಬೆಲೆ ಅಚ್ಚಾಯಿತು. ಎರರ್ ಲಾಗ್‌ನಲ್ಲಿ ಒಂದಕ್ಷರವೂ ಇರಲಿಲ್ಲ. ವರ್ಷವಿಡೀ ದುಡಿದ ಬೆಳೆಗೆ ಇಷ್ಟೇ ಬೆಲೆಯೇ ಎಂದು ಹಾಳೆ ಹಿಡಿದು ನಿಂತ ರೈತರೊಬ್ಬರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ತಪ್ಪು ನನ್ನದೇ. ನಾನು ಟೇಬಲ್ಲುಗಳನ್ನು ಪರೀಕ್ಷಿಸಿದ್ದೆ, ಕ್ವೆರಿಗಳನ್ನಲ್ಲ.

ಮೈಎಸ್‌ಕ್ಯೂಎಲ್ ಶೆಲ್‌ನ ಅಪ್‌ಗ್ರೇಡ್ ಚೆಕರ್ ಅನ್ನು ತಪ್ಪದೆ ಓಡಿಸು. ಆದರೆ ನಿಮ್ಮ ಅಪ್ಲಿಕೇಶನ್ನಿನೊಳಗೆ ಬರೆದಿಟ್ಟ ಕ್ವೆರಿಗಳನ್ನು ಅದು ಓದುವುದಿಲ್ಲ. ಆದ್ದರಿಂದ ತಿಂಗಳ ಕೊನೆಯ ಲೆಕ್ಕದ ದಿನವೂ ಸೇರುವಂತೆ, ಬಂದ ಕ್ವೆರಿಗಳನ್ನೆಲ್ಲ ಬರೆದಿಡುವ ಜನರಲ್ ಲಾಗ್ ಅನ್ನು ಕೆಲವು ತಾಸು ತೆರೆದಿಟ್ಟು, ನಿಜವಾಗಿ ಓಡುವ ಕ್ವೆರಿಗಳನ್ನು ಕಲೆಹಾಕಿ, ಒಂದೇ ಡೇಟಾ ಇರುವ ಹಳೆಯ ಮತ್ತು ಹೊಸ ಸರ್ವರ್‌ಗಳೆರಡರಲ್ಲೂ ಓಡಿಸಿ, ಫಲಿತಾಂಶಗಳನ್ನು ಸಾಲುಸಾಲಾಗಿ ಹೋಲಿಸು. ಜೊತೆಗೆ ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಕೂಡ ನೋಡು: ಟೈಪ್ ಕಾಲಂನಲ್ಲಿ ಮೊದಲು ರೆಫ್ ಎಂದಿದ್ದದ್ದು ಈಗ ಆಲ್ ಎಂದಾಗಿದ್ದರೆ ಇಡೀ ಟೇಬಲ್ಲನ್ನೇ ಜಾಲಾಡುತ್ತಿದೆ ಎಂದರ್ಥ. ಹಳೆಯ ಟೇಬಲ್ಲು ಯುಟಿಎಫ್8 ಎಂಬ ಅಕ್ಷರ ಸಂಕೇತದಲ್ಲೇ ಉಳಿದು ಹೊಸದಾಗಿ ಮಾಡಿದ್ದು ಯುಟಿಎಫ್8ಎಂಬಿ4 ಆಗಿದ್ದರೆ, ಅವೆರಡನ್ನೂ ಕೂಡಿಸುವ ಜಾಯಿನ್‌ನಲ್ಲಿ, ಬೇಗ ಹುಡುಕಲೆಂದು ಇರುವ ಇಂಡೆಕ್ಸ್ ಕೈಕೊಡುವುದುಂಟು.

8.0ಕ್ಕೆ ಏರಿದ ಮೇಲೆ ಅದೇ ಡೇಟಾ ಡೈರೆಕ್ಟರಿಯನ್ನು 5.7ಕ್ಕೆ ಇಳಿಸಲು ಬರುವುದಿಲ್ಲ. ಹಿಂದಿರುಗಲು ಇರುವುದು ಬ್ಯಾಕಪ್ ಒಂದೇ. ಅದನ್ನು ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ, ಸಾಲುಗಳ ಎಣಿಕೆ ತಾಳೆಯಾದ ದಿನ ನನಗೊಂದು ಫೋನ್ ಮಾಡು. ಅಲ್ಲಿಯವರೆಗೆ ದಿನಾಂಕ ಗೊತ್ತುಮಾಡಬೇಡ.

ಇತಿ,
ನಿನ್ನ ದೊಡ್ಡಪ್ಪ