ಟೇಪು ಹೇಳದಿರುವುದನ್ನು ಕೇಳಿ ತಿಳಿದುಕೋ

ಪ್ರೀತಿಯ ಸುಮಾ,

ಆಶೀರ್ವಾದಗಳು. ನಿನ್ನ ತೋಳಿನ ಊತದ (ಲಿಂಫೆಡಿಮಾ, ದುಗ್ಧರಸ ಹರಿಯದೆ ನಿಂತು ಬರುವ ಊತ) ಸ್ಕ್ಯಾನ್ ವರದಿಯನ್ನು ಎರಡು ಬಾರಿ ಓದಿದೆ. ಅದರಲ್ಲಿ ‘ಡರ್ಮಲ್ ಬ್ಯಾಕ್‌ಫ್ಲೋ’ ಎಂದು ಬರೆದಿರುವುದನ್ನು ನೋಡಿ ನೀನು ನಿದ್ದೆಗೆಟ್ಟಿದ್ದೀಯಂತೆ. ಸ್ಕ್ಯಾನಿಂಗ್ ವಿಭಾಗದಲ್ಲಿಯೇ ತಲೆ ನರೆತವಳು ನಾನು, ಅದಕ್ಕೇ ಈ ಪತ್ರ.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದು ಅಲ್ಲಿಗೆ ವಿಕಿರಣವನ್ನೂ ಕೊಟ್ಟ ಮೇಲೆ ದುಗ್ಧರಸಕ್ಕೆ (ಅಂಗಾಂಶಗಳಿಂದ ಮರಳುವ ತಿಳಿದ್ರವಕ್ಕೆ) ಮೇಲೇರುವ ದಾರಿ ಕಿರಿದಾಗುತ್ತದೆ. ಆಗ ಅದು ಹಿಂದಕ್ಕೆ ತಿರುಗಿ ಚರ್ಮದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ವರದಿ ಹೇಳಿರುವುದು ಇಷ್ಟೇ. ಊತ ಕಣ್ಣಿಗೆ ಕಾಣುವ ಮೊದಲೇ ಇದು ಚಿತ್ರದಲ್ಲಿ ಕಾಣಿಸುವುದುಂಟು. ಹಾಗಾಗಿ ಆ ಎರಡು ಪದಗಳಿಂದಲೇ ರೋಗದ ತೀವ್ರತೆಯನ್ನು ಅಳೆಯಬೇಡ.

ತೋಳಿನ ಗಾತ್ರ ತಿಳಿಯಲು ಅಳತೆಯ ಟೇಪು ಸಾಕು. ಇನ್ನೊಂದು ತೋಳಿಗಿಂತ ಶೇ. 20ಕ್ಕಿಂತ ಕಡಿಮೆ ಹೆಚ್ಚಳವಿದ್ದರೆ ಸೌಮ್ಯ, 20ರಿಂದ 40 ಮಧ್ಯಮ, ಅದಕ್ಕೂ ಮೀರಿದರೆ ತೀವ್ರ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಆದರೆ ಆ ಗಾತ್ರದೊಳಗೆ ತುಂಬಿರುವುದು ನೀರೋ ಕೊಬ್ಬೋ ಎಂಬುದನ್ನು ಟೇಪು ಹೇಳಲಾರದು. ವರ್ಷಗಳು ಕಳೆದಂತೆ ನಿಂತ ರಸದ ಜಾಗದಲ್ಲಿ ಕೊಬ್ಬು ಬೆಳೆಯುತ್ತದೆ, ನಾರು ಗಟ್ಟಿಯಾಗುತ್ತದೆ. ಬಟ್ಟೆ ಸುತ್ತಿ ಒತ್ತಡ ಕೊಟ್ಟರೆ ನೀರು ಇಳಿಯುತ್ತದೆ, ಕೊಬ್ಬು ಇಳಿಯುವುದಿಲ್ಲ. ಎಂಆರ್‌ಐ ಈ ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ನನ್ನ ಮಟ್ಟಿಗೆ ಅದರ ನಿಜವಾದ ಉಪಯೋಗ ಅದೇ.

ದುಗ್ಧನಾಳಗಳು ಇನ್ನೂ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಐಸಿಜಿ (ಇಂಡೋಸಯನಿನ್ ಗ್ರೀನ್) ಎಂಬ ಹಸಿರು ಬಣ್ಣದ ಪರೀಕ್ಷೆಯಿದೆ. ಬೆರಳುಗಳ ಸಂದಿಯಲ್ಲಿ ಚಿಕ್ಕ ಚುಚ್ಚುಮದ್ದು ಕೊಟ್ಟು ಅವಗೆಂಪು (ಇನ್‌ಫ್ರಾರೆಡ್) ಕ್ಯಾಮೆರಾ ಹಿಡಿಯುತ್ತಾರೆ. ನಾಳ ಚೆನ್ನಾಗಿದ್ದರೆ ಪರದೆಯ ಮೇಲೆ ಮುಂಗೈಯಿಂದ ಒಂದು ಹೊಳೆಯುವ ಗೆರೆ ನೇರವಾಗಿ ಏರುತ್ತದೆ. ಕೆಟ್ಟಿದ್ದರೆ ಗೆರೆ ಒಡೆದು ಚುಕ್ಕಿಗಳಾಗುತ್ತದೆ, ಇನ್ನೂ ಕೆಟ್ಟಿದ್ದರೆ ಮಬ್ಬು ಬೆಳಕಾಗಿ ಹರಡುತ್ತದೆ. ಗೆರೆ ಉಳಿದಿರುವ ತೋಳಿನಲ್ಲಿ ನಾಳವನ್ನು ರಕ್ತನಾಳಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಗೆ ಅವಕಾಶ ಹೆಚ್ಚು. ಈ ಕ್ಯಾಮೆರಾ ಸುಮಾರು ಎರಡು ಸೆಂಟಿಮೀಟರ್ ಆಳದವರೆಗೆ ಮಾತ್ರ ನೋಡಬಲ್ಲದು. ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ಹೇಳು.

ವಿಕಿರಣ ಸೂಸುವ ಟೆಕ್ನೀಷಿಯಂ ಎಂಬ ಧಾತುವನ್ನು ಚುಚ್ಚಿ ದುಗ್ಧರಸದ ಹರಿವನ್ನು ನೋಡುವ ಲಿಂಫೋಸಿಂಟಿಗ್ರಫಿ ಹಳೆಯದು, ಚಿತ್ರ ಮಸುಕು. ಆದರೂ ರಸ ಕಂಕುಳಿಗೆ ಎಷ್ಟು ಬೇಗ ತಲುಪುತ್ತದೆ ಎಂಬ ಲೆಕ್ಕಕ್ಕೆ ಅದನ್ನು ನಂಬಬಹುದು. ಇಲ್ಲಿ ಬಳಸುವ ಟೆಕ್ನೀಷಿಯಂ-99ಎಂ ಎಂಬ ರೂಪದ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಹೊತ್ತು) ಬರೀ ಆರು ಗಂಟೆ, ವಿಕಿರಣಕ್ಕೆ ಹೆದರಿ ಬೇಡವೆನ್ನಬೇಡ.

ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಮಾಡಿಸಲು ಓಡಬೇಡ. ‘ಇದರ ಉತ್ತರದಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ಕೇಳು. ಉತ್ತರ ಏನೂ ಇಲ್ಲವೆಂದಾದರೆ ತೋಳಿಗೆ ಬಿಗಿಯಾದ ಒತ್ತಡದ ಸ್ಲೀವ್ ತೊಟ್ಟು ವ್ಯಾಯಾಮ ಮುಂದುವರಿಸಿ, ತಿಂಗಳಿಗೊಮ್ಮೆ ಅದೇ ಗುರುತುಗಳಲ್ಲಿ ಅದೇ ಹೊತ್ತಿಗೆ ತೋಳನ್ನು ಅಳೆಸಿಕೋ. ಒಬ್ಬೊಬ್ಬರು ಒಂದೊಂದು ಕಡೆ ಟೇಪು ಹಿಡಿದರೆ ಆ ಅಂಕಿಗಳಿಗೆ ಬೆಲೆಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡ. ತೋಳು ಇದ್ದಕ್ಕಿದ್ದಂತೆ ಊದಿಕೊಂಡು ನೋಯತೊಡಗಿದರೆ, ಅದು ಹಳೆಯ ಊತವೇ ಎಂದು ಸುಮ್ಮನಿರದೆ ಅಂದೇ ವೈದ್ಯರಿಗೆ ತೋರಿಸು. ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ (ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್) ಮಾಡುತ್ತಾರೆ. ಚರ್ಮ ಕೆಂಪಗಾಗಿ ಜ್ವರವೂ ಬಂದರೆ ಸೋಂಕಿಗೆ ಔಷಧಿ ಮೊದಲು, ಊತದ ಅಳತೆಯ ಸ್ಕ್ಯಾನ್ ಆಮೇಲೆ.

ಇಂತು ನಿನ್ನ,
ದೊಡ್ಡಮ್ಮ